ಕಣ ಎಲ್ಲಿಗೆ ಹೋಗುತ್ತದೆ? ನ್ಯಾನೊ ಔಷಧಗಳ ಬಗ್ಗೆ ಕೆಲವು ಮಾತು

(ಪದವಿ ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ಕೈಬಿಟ್ಟಿದ್ದೇನೆ.)

ಸಭೆಗೆ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ 'ವೈದ್ಯಕೀಯದಲ್ಲಿ ನ್ಯಾನೊ ತಂತ್ರಜ್ಞಾನ' ಎಂಬ ಶೀರ್ಷಿಕೆ ನೋಡಿ ದೊಡ್ಡ ಯಂತ್ರಗಳ ಚಿತ್ರ ತೋರಿಸುತ್ತೇನೆಂದು ನೀವು ನಿರೀಕ್ಷಿಸಿದ್ದರೆ ಕ್ಷಮಿಸಬೇಕು. ಹೇಳಬೇಕಾದ ವಸ್ತುವನ್ನು ನಾನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೇನೆ. ಇದು ಗರ್ಭ ಪರೀಕ್ಷೆಯ ಕಿಟ್. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸರ್ಕಾರದಿಂದ 'ನಿಶ್ಚಯ್' ಎಂಬ ಹೆಸರಿನಲ್ಲಿ ಬಂದದ್ದನ್ನು ಮುಂದಿನ ಸಾಲಿನಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಲುಪಿಸುತ್ತಾರೆ. ಇದರಲ್ಲಿ ಮೂಡುವ ಕೆಂಪು ಗೆರೆಯನ್ನು ಅವರಷ್ಟು ಸಲ ನೋಡಿದವರು ಈ ಸಭೆಯಲ್ಲಿ ಇನ್ನೊಬ್ಬರಿರಲಾರರು. ಆ ಕೆಂಪು ಎಲ್ಲಿಂದ ಬಂತು ಎಂದು ಕೇಳಿದರೆ ಬಣ್ಣದ ಪುಡಿ, ಶಾಯಿ ಎಂದೆಲ್ಲ ಉತ್ತರ ಬರುತ್ತದೆ. ಬಹುಪಾಲು ಕಿಟ್‌ಗಳಲ್ಲಿ ಅದು ಚಿನ್ನ.

ಚಿನ್ನ ಹಳದಿಯಲ್ಲವೇ ಎಂದು ಕೇಳುತ್ತೀರಿ. ಕೊರಳಲ್ಲಿರುವಾಗ ಹಳದಿ. ಅದನ್ನೇ ಸುಮಾರು 40 ನ್ಯಾನೊಮೀಟರ್ ಗಾತ್ರದ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಮಾಣಿಕ್ಯದ ಕೆಂಪು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೊಮೀಟರ್. 40 ನ್ಯಾನೊಮೀಟರಿನ ಕಣಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ನಮ್ಮ ಒಂದು ಕೆಂಪು ರಕ್ತಕಣದ ಅಗಲ ತುಂಬಲು ಸುಮಾರು 180 ಬೇಕು. ಆ ಗಾತ್ರದಲ್ಲಿ ಚಿನ್ನದ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಾಡತೊಡಗುತ್ತವೆ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುತ್ತವೆ. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ದ್ರವವನ್ನು ತಯಾರಿಸಿ, ಚಿನ್ನವೇ ಅತಿ ಸೂಕ್ಷ್ಮ ಕಣಗಳಾಗಿ ಹೀಗೆ ಕಾಣುತ್ತಿದೆ ಎಂದು ಸರಿಯಾಗಿ ಊಹಿಸಿದ್ದರು. ಅವರ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇಂದಿಗೂ ಇವೆ.

ಕಿಟ್‌ನೊಳಗಿರುವ ಪಟ್ಟಿಯನ್ನು ಬಿಚ್ಚಿ ನೋಡೋಣ. ಮೂತ್ರದ ಹನಿ ಬೀಳುವ ಜಾಗದಿಂದ ತುಸು ಮುಂದೆ ಚಿನ್ನದ ಕಣಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಪ್ರತಿ ಕಣದ ಮೈಮೇಲೂ ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುವ ಎಚ್‌ಸಿಜಿ ಹಾರ್ಮೋನನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ (ಆಂಟಿಬಾಡಿ) ಎಂಬ ಪ್ರೋಟೀನುಗಳಿರುತ್ತವೆ. ಹನಿ ಹರಿದು ಬಂದಾಗ ಕಣಗಳು ನೆನೆದು, ಹಾರ್ಮೋನ್ ಇದ್ದರೆ ಅದನ್ನು ಹಿಡಿದುಕೊಂಡು, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಪಟ್ಟಿಯುದ್ದಕ್ಕೂ ಸಾಗುತ್ತವೆ. 'ಟಿ' ಗೆರೆಯಲ್ಲಿ ಅದೇ ಹಾರ್ಮೋನಿನ ಇನ್ನೊಂದು ಭಾಗವನ್ನು ಹಿಡಿಯುವ ಪ್ರತಿಕಾಯ ಕಾದು ಕುಳಿತಿರುತ್ತದೆ. ಹಾರ್ಮೋನನ್ನು ಹೊತ್ತ ಕಣ ಅಲ್ಲಿ ಸಿಕ್ಕಿಬೀಳುತ್ತದೆ, ಹೊರದ ಕಣ ದಾಟಿ ಹೋಗುತ್ತದೆ. 'ಸಿ' ಗೆರೆಯಲ್ಲಿ ಎರಡು ಬಗೆಯ ಕಣಗಳೂ ಸಿಕ್ಕಿಬೀಳುವುದರಿಂದ ಆ ಗೆರೆ ಮೂಡದಿದ್ದರೆ ಕಿಟ್ಟೇ ಕೆಟ್ಟಿದೆ ಎಂದರ್ಥ. ಒಂದೊಂದೇ ಕಣ ಕಣ್ಣಿಗೆ ಕಾಣದು. ಕಿರಿದಾದ ಗೆರೆಯೊಂದರಲ್ಲಿ ಲೆಕ್ಕವಿಲ್ಲದಷ್ಟು ಕಣಗಳು ಗುಂಪುಗೂಡಿದಾಗ ಕೆಂಪು ಕಾಣುತ್ತದೆ.

ಇದೇ ಉಪಾಯ ಮಲೇರಿಯಾ ಕಿಟ್‌ನಲ್ಲಿದೆ, ಕೋವಿಡ್ ಕಾಲದ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಯಲ್ಲಿಯೂ ಇತ್ತು. ಅದರ ಮಿತಿಯೂ ಇದೇ ಕಾರಣಕ್ಕೆ ಬಂದದ್ದು: ಗೆರೆ ಕಾಣಬೇಕಾದರೆ ಸಾಕಷ್ಟು ಕಣಗಳು ಸೇರಬೇಕು, ಕಣಗಳು ಸೇರಬೇಕಾದರೆ ವೈರಾಣುವಿನ ಪ್ರೋಟೀನು ಅಷ್ಟಿರಬೇಕು. ರೋಗಲಕ್ಷಣವಿದ್ದೂ ಈ ಪರೀಕ್ಷೆ ನೆಗೆಟಿವ್ ಬಂದವರು ವೈರಾಣು ಕಡಿಮೆಯಿದ್ದರೂ ಪತ್ತೆಹಚ್ಚಬಲ್ಲ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೂಚಿಸಿದ್ದು ಅದಕ್ಕಾಗಿಯೇ.

ಪರೀಕ್ಷೆಯ ಮಾತು ಇಲ್ಲಿಗೆ ಸಾಕು. ಚಿಕಿತ್ಸೆಯ ಕಡೆ ಬಂದರೆ ವಿಷಯ ಹೆಚ್ಚು ಸ್ವಾರಸ್ಯಕರವಾಗುತ್ತದೆ, ಏಕೆಂದರೆ ಪಟ್ಟಿಯ ಮೇಲೆ ಕಣ ನಾವು ಹಾಕಿಕೊಟ್ಟ ದಾರಿಯಲ್ಲಿ ಸಾಗುತ್ತದೆ. ರಕ್ತಕ್ಕಿಳಿದ ಕಣಕ್ಕೆ ದಾರಿ ತೋರಿಸುವುದು ದೇಹ. 6 ನ್ಯಾನೊಮೀಟರಿಗಿಂತ ಚಿಕ್ಕದಾದರೆ ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. 200 ನ್ಯಾನೊಮೀಟರಿಗಿಂತ ದೊಡ್ಡದಾದರೆ ಗುಲ್ಮದ (ಸ್ಪ್ಲೀನ್) ಸಂದಿಗಳಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ನಡುವಿನ ಗಾತ್ರದ್ದು ರಕ್ತದಲ್ಲಿ ಸುತ್ತುತ್ತದೆ, ಆದರೆ ಅದೂ ನಿಶ್ಚಿಂತೆಯಿಂದಲ್ಲ. ಯಕೃತ್ತಿನ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ ಭಕ್ಷಕ ಕೋಶಗಳು ಹೊರಗಿನಿಂದ ಬಂದ ಯಾವ ಕಣವನ್ನಾದರೂ ಬ್ಯಾಕ್ಟೀರಿಯಾ ಎಂದೇ ಭಾವಿಸಿ ನುಂಗುತ್ತವೆ. ನ್ಯಾನೊ ಔಷಧದ ಅರ್ಧ ಶತಮಾನದ ಚರಿತ್ರೆಯನ್ನು ಓದಿದಾಗ ನನಗೆ ಕಂಡದ್ದು ಇಷ್ಟು: ದೇಹ ಕಣವನ್ನು ಎಲ್ಲಿಗೆ ಒಯ್ಯುತ್ತದೋ ಅಲ್ಲಿಯೇ ಔಷಧ ಬೇಕಾಗಿದ್ದಾಗ ಈ ವಿದ್ಯೆ ಅದ್ಭುತವಾಗಿ ಗೆದ್ದಿದೆ, ಬೇರೆಡೆಗೆ ಎಳೆಯಲು ಹೋದಾಗ ಬಹಳ ಹೆಣಗಿದೆ.

ಗೆದ್ದದ್ದಕ್ಕೆ ಮೊದಲ ಉದಾಹರಣೆ ನಿಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದೆ. ರಕ್ತಹೀನತೆ ಇರುವ ಗರ್ಭಿಣಿಗೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮಲಬದ್ಧತೆ, ಹೊಟ್ಟೆ ತೊಳಸು ಎಂದು ಎಷ್ಟೋ ಮಂದಿ ನುಂಗುವುದನ್ನು ನಿಲ್ಲಿಸುತ್ತಾರೆ. ಆಗ ಐರನ್ ಸುಕ್ರೋಸ್ ಡ್ರಿಪ್ ಹಾಕುತ್ತಾರೆ. ಆ ಸಣ್ಣ ಸೀಸೆಯಲ್ಲಿರುವುದು ಕಾಫಿ ಡಿಕಾಕ್ಷನ್ನಿನಂಥ ಕಡುಗಂದು ದ್ರವ. ಅದು ಕಬ್ಬಿಣದ ಉಪ್ಪು ಕರಗಿದ ನೀರಲ್ಲ. ಹಾಗೆ ಕರಗಿದ ಕಬ್ಬಿಣವನ್ನು ಈ ಪ್ರಮಾಣದಲ್ಲಿ ನೇರ ರಕ್ತಕ್ಕೆ ಬಿಟ್ಟರೆ ಅದು ವಿಷ. ಒಳಗೆ ಕಬ್ಬಿಣದ ಹೈಡ್ರಾಕ್ಸೈಡಿನ ಒಡಲು, ಹೊರಗೆ ಸಕ್ಕರೆಯ ಹೊದಿಕೆ ಇರುವ, ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳು ಅದರಲ್ಲಿ ತೇಲುತ್ತಿರುತ್ತವೆ. ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳ ಭಕ್ಷಕ ಕೋಶಗಳು ಇವನ್ನು ನುಂಗಿ, ಬಿಡಿಸಿ, ಕಬ್ಬಿಣವನ್ನು ಸ್ವಲ್ಪಸ್ವಲ್ಪವಾಗಿ ರಕ್ತದ ಸಾಗಣೆ ಪ್ರೋಟೀನಿಗೆ ಒಪ್ಪಿಸುತ್ತವೆ. ಹಳೆಯ ಕೆಂಪು ಕಣಗಳನ್ನು ಒಡೆದು ಅವುಗಳ ಕಬ್ಬಿಣವನ್ನು ಮರುಬಳಕೆಗೆ ಕೊಡುವುದು ಈ ಕೋಶಗಳ ನಿತ್ಯದ ಕೆಲಸವೇ ಆದ್ದರಿಂದ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಒಂದೇ ಸಲಕ್ಕೆ ಹೆಚ್ಚು ಕಬ್ಬಿಣ ಕೊಡಬಲ್ಲ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂಥ ಕಣಗಳನ್ನು ಮಾತ್ರೆಯೊಂದಿಗೆ ಹೋಲಿಸಿ ನೋಡುವ ದೊಡ್ಡ ಅಧ್ಯಯನವೊಂದನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ ಕರ್ನಾಟಕ ಮತ್ತು ರಾಜಸ್ಥಾನದ ಗರ್ಭಿಣಿಯರಲ್ಲಿ ನಡೆಸಿದ್ದಾರೆ.

ಎರಡನೆಯದು 2021ರ ನೆನಪು. ಆ ಮೇ ತಿಂಗಳಲ್ಲಿ ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದವರನ್ನು, ಮುಖ್ಯವಾಗಿ ಸಕ್ಕರೆ ಕಾಯಿಲೆಯವರನ್ನು, ನಾವೆಲ್ಲ ಬ್ಲ್ಯಾಕ್ ಫಂಗಸ್ ಎಂದು ಕರೆದ ಮ್ಯೂಕರ್‌ಮೈಕೋಸಿಸ್ ಹಿಡಿಯತೊಡಗಿತ್ತು. ಒಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಅವನ ತಂದೆಗೆ ಕಣ್ಣಿನ ಕೆಳಗೆ ಊತ ಬಂದು ಆಸ್ಪತ್ರೆಗೆ ಸೇರಿಸಿದ್ದರು. "ಸರ್, ಲೈಪೋಸೋಮಲ್ ಎಲ್ಲೂ ಸಿಗ್ತಿಲ್ಲ. ಪ್ಲೇನ್ ಹಾಕ್ತೀವಿ ಅಂತಿದ್ದಾರೆ ಡಾಕ್ಟ್ರು. ಔಷಧಿ ಒಂದೇ ಅಲ್ವಾ ಸರ್, ಏನು ವ್ಯತ್ಯಾಸ?" ಎಂದು ಕೇಳಿದ.

ಔಷಧ ಒಂದೇ, ಆಂಫೊಟೆರಿಸಿನ್ ಬಿ. ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಅಂಟಿಕೊಂಡು ಆ ಕೋಶವನ್ನು ಕೊಲ್ಲುತ್ತದೆ. ಕಷ್ಟವೆಂದರೆ ನಮ್ಮ ಕೋಶಪೊರೆಯ ಕೊಲೆಸ್ಟೆರಾಲ್ ಕೂಡ ಅದಕ್ಕೆ ಸ್ವಲ್ಪಮಟ್ಟಿಗೆ ಹಿಡಿಸುತ್ತದೆ, ಅದರಿಂದ ಮೊದಲು ಪೆಟ್ಟು ತಿನ್ನುವುದು ಮೂತ್ರಪಿಂಡ. ಹಳೆಯ ರೂಪದ ಔಷಧ ಡ್ರಿಪ್‌ನಲ್ಲಿ ಇಳಿಯುತ್ತಿದ್ದಂತೆ ರೋಗಿಗೆ ಚಳಿ ಹತ್ತಿ, ಹಲ್ಲು ಕಟಕಟಿಸಿ, ಜ್ವರ ಏರುತ್ತದೆ; ಕಿರಿಯ ವೈದ್ಯರು ಇದಕ್ಕೆ 'ನಡುಗಿಸಿ ಬೇಯಿಸುವ ಔಷಧ' ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ. ಲೈಪೋಸೋಮಲ್ ರೂಪದಲ್ಲಿ ಅದೇ ಔಷಧವನ್ನು 100 ನ್ಯಾನೊಮೀಟರಿಗಿಂತ ಚಿಕ್ಕದಾದ ಕೊಬ್ಬಿನ ಗುಳ್ಳೆಗಳಿಗೆ ಸೇರಿಸಿರುತ್ತಾರೆ. ಲೈಪೋಸೋಮ್ ಎಂದರೆ ಕೋಶಪೊರೆಯಂಥದೇ ಎರಡು ಪದರದ ಗೋಡೆ ಇರುವ ಟೊಳ್ಳು ಗುಳ್ಳೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದರು. ನಮ್ಮ ಕಡುಬನ್ನು ನೆನೆಸಿಕೊಳ್ಳಿ, ಹೊರಗೆ ಕಣಕ, ಒಳಗೆ ಹೂರಣ. ಆಂಫೊಟೆರಿಸಿನ್ ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಅದು ಹೂರಣದಲ್ಲಿರುವುದಿಲ್ಲ, ಕಣಕದಲ್ಲೇ ಬೆರೆತಿರುತ್ತದೆ. ಗುಳ್ಳೆಯ ಗೋಡೆಯಲ್ಲಿ ಭದ್ರವಾಗಿರುವ ತನಕ ಅದು ನಮ್ಮ ಕೋಶಗಳ ತಂಟೆಗೆ ಹೆಚ್ಚು ಹೋಗುವುದಿಲ್ಲ. ಶಿಲೀಂಧ್ರದ ಮೈ ತಾಕಿದಾಗ ಅಲ್ಲಿಗೆ ದಾಟಿಕೊಳ್ಳುತ್ತದೆ.

ಹಾಗಾಗಿ ಹೆಚ್ಚು ಪ್ರಮಾಣದಲ್ಲಿ ಕೊಡಲು ಸಾಧ್ಯ, ಕೊಡಲೇಬೇಕು ಕೂಡ. ಕೆಜಿ ತೂಕಕ್ಕೆ 5 ಮಿಲಿಗ್ರಾಂ ಎಂದರೆ 60 ಕೆಜಿಯ ಮನುಷ್ಯನಿಗೆ ದಿನಕ್ಕೆ 300 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ 6 ವೈಯಲ್, ಅದೂ ವಾರಗಟ್ಟಲೆ. ಆ ತಿಂಗಳು ದೇಶದಲ್ಲಿ ಅಷ್ಟು ವೈಯಲ್ ಇರಲಿಲ್ಲ. ನನ್ನ ವಿದ್ಯಾರ್ಥಿಯ ತಂದೆಗೆ ಕೊನೆಗೆ ಪ್ಲೇನ್ ಆಂಫೊಟೆರಿಸಿನ್ನನ್ನೇ ಹಾಕಿದರು. ಪ್ರತಿ ಸಂಜೆ ಎರಡು ಕಂಬಳಿ ಹೊದಿಸಿ ಕೈ ಹಿಡಿದುಕೊಂಡು ಕೂರಬೇಕಾಗುತ್ತಿತ್ತಂತೆ. ಮೂತ್ರಪಿಂಡ ಸೋಲುತ್ತಿರುವುದನ್ನು ಸೂಚಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದರಿಂದ ನಡುವೆ ಎರಡು ದಿನ ನಿಲ್ಲಿಸಿದರು. ಶಸ್ತ್ರಚಿಕಿತ್ಸೆಯೂ ಆಗಿ ಅವರು ಉಳಿದರು. ಔಷಧದ ಅಣು ಒಂದೇ ಆದರೂ ಅದು ಕುಳಿತು ಬರುವ ಬಂಡಿ ಬೇರೆಯಾದರೆ ಏನಾಗುತ್ತದೆ ಎಂಬುದನ್ನು ಆ ಹುಡುಗನಿಗೆ ನಾನು ತರಗತಿಯಲ್ಲಿ ಕಲಿಸಿದ್ದಕ್ಕಿಂತ ಆ ಸಂಜೆಗಳು ಚೆನ್ನಾಗಿ ಕಲಿಸಿದವು.

ಇದೇ ಗುಳ್ಳೆ ಬಿಹಾರದಲ್ಲಿ ಮಾಡಿದ ಕೆಲಸ ಇನ್ನೂ ದೊಡ್ಡದು. ಮರಳುನೊಣದ ಕಡಿತದಿಂದ ಹರಡುವ ಕಾಲಾ ಅಜಾರ್ ರೋಗದ ಪರಾವಲಂಬಿ ಅಡಗಿ ಕೂರುವುದು ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳ ಭಕ್ಷಕ ಕೋಶಗಳ ಒಳಗೇ. ಅಂದರೆ, ಕಣಗಳನ್ನು ಹಿಡಿದು ನುಂಗುವ ಆ ಕೋಶಗಳಲ್ಲಿಯೇ ಕಳ್ಳ ಮನೆ ಮಾಡಿಕೊಂಡಿದ್ದಾನೆ. ಲೈಪೋಸೋಮನ್ನು ರಕ್ತಕ್ಕೆ ಬಿಟ್ಟರೆ ಕೋಶ ತಾನಾಗಿ ಅದನ್ನು ನುಂಗಿ, ಔಷಧವನ್ನು ಕಳ್ಳನ ಬಾಗಿಲಿಗೇ ತಲುಪಿಸುತ್ತದೆ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಮುಜಫ್ಫರ್‌ಪುರದಲ್ಲಿ 412 ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ರೂಪದ ಔಷಧಕ್ಕೆ ದಿನ ಬಿಟ್ಟು ದಿನ 15 ಡ್ರಿಪ್ ಬೇಕಾಗಿ ರೋಗಿ 29 ದಿನ ಆಸ್ಪತ್ರೆಯಲ್ಲಿರಬೇಕಿದ್ದರೆ, ಲೈಪೋಸೋಮಲ್ ರೂಪದ್ದು ಕೆಜಿಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಡ್ರಿಪ್ ಸಾಕಾಯಿತು. 6 ತಿಂಗಳ ನಂತರ ಗುಣವಾಗಿದ್ದವರು ಹಳೆಯ ಗುಂಪಿನಲ್ಲಿ ಶೇ. 96.3, ಹೊಸ ಗುಂಪಿನಲ್ಲಿ ಶೇ. 95.7. ಕೂಲಿ ಮಾಡಿ ಉಣ್ಣುವವನಿಗೆ ಒಂದು ತಿಂಗಳ ಆಸ್ಪತ್ರೆವಾಸಕ್ಕೂ ಒಂದು ದಿನದ ಡ್ರಿಪ್ಪಿಗೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಭಾರತದ ನೆಲದಲ್ಲಿ ನ್ಯಾನೊ ಔಷಧದ ಅತಿ ದೊಡ್ಡ ಗೆಲುವು ಇದೇ, ಆದರೂ ಇದು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಕಡಿಮೆ.

ಮುಖಪುಟಕ್ಕೆ ಬಂದದ್ದು ಕ್ಯಾನ್ಸರ್. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ ಈ ಸಾಲಿನ ಮೊದಲ ಔಷಧ. ಡಾಕ್ಸೋರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೋ ಔಷಧವನ್ನು 80ರಿಂದ 100 ನ್ಯಾನೊಮೀಟರಿನ ಲೈಪೋಸೋಮಿನೊಳಗೆ, ಈ ಸಲ ಹೂರಣವಾಗಿಯೇ, ಹರಳುಗಟ್ಟುವಷ್ಟು ಒತ್ತಿ ತುಂಬಿದ್ದರು. ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪದಾರ್ಥದ ಎಳೆಗಳನ್ನು ಹುಲ್ಲಿನಂತೆ ನೆಟ್ಟು, ಯಕೃತ್ತಿನ ಕೋಶಗಳು ಬೇಗ ಗುರುತಿಸದಂತೆ ಮರೆಮಾಡಿದ್ದರು. ಹಿಂದಿದ್ದ ಆಸೆ ಇದು: ಕ್ಯಾನ್ಸರ್ ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ ಬಿರುಕುಬಿರುಕಾಗಿರುತ್ತವೆ, ಕಣಗಳು ಅಲ್ಲಿ ಸೋರಿ ಗೆಡ್ಡೆಯಲ್ಲೇ ಉಳಿಯುತ್ತವೆ. ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ಇದನ್ನು ಪ್ರಾಣಿಗಳಲ್ಲಿ ತೋರಿಸಿದ ಮೇಲೆ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಇದರ ಬೆನ್ನು ಹತ್ತಿದವು.

ಮೂವತ್ತು ವರ್ಷಗಳ ಬಳಿಕ, 2016ರಲ್ಲಿ, ಟೊರಾಂಟೊದ ವಾರನ್ ಚಾನ್ ಅವರ ತಂಡ ಹಿಂದಿನ ದಶಕದ ಪ್ರಯೋಗಗಳನ್ನೆಲ್ಲ ಕಲೆಹಾಕಿ ಲೆಕ್ಕ ಮಾಡಿತು. ಚುಚ್ಚಿದ ಕಣಗಳಲ್ಲಿ ಗೆಡ್ಡೆಗೆ ತಲುಪಿದ್ದು ಮಧ್ಯಕ (ಮೀಡಿಯನ್) ಲೆಕ್ಕದಲ್ಲಿ ಶೇ. 0.7. ಅದೂ ಪ್ರಾಣಿಗಳ ಗೆಡ್ಡೆಗಳಲ್ಲಿ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಯಕೃತ್ತು, ಗುಲ್ಮಗಳ ಪಾಲಾಗಿತ್ತು. ಈ ಅಂಕಿ ಬಂದಾಗ ನಮ್ಮ ವಲಯದಲ್ಲಿ ಕೆಲವರಿಗೆ ಸಿಟ್ಟು ಬಂತು, ಲೆಕ್ಕದ ವಿಧಾನವೇ ಸರಿಯಿಲ್ಲ ಎಂದವರೂ ಇದ್ದರು. ನನಗೆ ಅದು ಅಗತ್ಯವಾಗಿದ್ದ ಕಹಿ ಔಷಧವೆಂದೇ ಅನ್ನಿಸಿತು. ಹಾಗಾದರೆ ಡಾಕ್ಸಿಲ್ ವ್ಯರ್ಥವೇ? ಅಲ್ಲ. ಅದರ ಲಾಭ ಬೇರೆ ಕಡೆ ಇತ್ತು. ಬರಿಯ ಡಾಕ್ಸೋರುಬಿಸಿನ್ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ; ಹೃದಯದ ರಕ್ತನಾಳಗಳ ಗೋಡೆ ಬಿಗಿಯಾಗಿರುವುದರಿಂದ 100 ನ್ಯಾನೊಮೀಟರಿನ ಗುಳ್ಳೆ ಅಲ್ಲಿ ಸೋರುವುದಿಲ್ಲ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಎರಡನ್ನೂ ಹೋಲಿಸಿದಾಗ ರೋಗದ ಮೇಲಿನ ಪರಿಣಾಮ ಹೆಚ್ಚುಕಡಿಮೆ ಸಮನಾಗಿತ್ತು, ಹೃದಯಕ್ಕಾಗುವ ಹಾನಿ ಮಾತ್ರ ಸ್ಪಷ್ಟವಾಗಿ ತಗ್ಗಿತ್ತು. ಬದಲಿಗೆ ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಉರಿದು ಸುಲಿಯುವ ಹೊಸ ಕಷ್ಟ ಬಂತು, ಏಕೆಂದರೆ ಗುಳ್ಳೆಗಳು ಅಲ್ಲಿ ಸೋರುತ್ತವೆ. ಕಣ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯಷ್ಟೇ ಎಲ್ಲಿ ಹೋಗುವುದಿಲ್ಲ ಎಂಬುದೂ ರೋಗಿಗೆ ಮುಖ್ಯ.

ಮುಂದಿನ ಪೀಳಿಗೆಯವರು ಯಕೃತ್ತಿನೊಡನೆ ಜಗಳ ಬಿಟ್ಟು ರಾಜಿಯಾದರು. ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ಅಮೈಲಾಯ್ಡ್ ರೋಗದಲ್ಲಿ ಯಕೃತ್ತು ತಯಾರಿಸುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಕೆಟ್ಟು ನರಗಳಲ್ಲಿ ಶೇಖರವಾಗುತ್ತದೆ. ಆ ಪ್ರೋಟೀನಿನ ಸಂದೇಶವನ್ನೇ ಅಳಿಸುವ ಪುಟ್ಟ ಆರ್‌ಎನ್‌ಎ ತುಂಡನ್ನು ಕೊಬ್ಬಿನ ನ್ಯಾನೊಕಣದಲ್ಲಿಟ್ಟು ಯಕೃತ್ತಿಗೆ ಕಳುಹಿಸುವ ಪ್ಯಾಟಿಸಿರಾನ್ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಕಣಗಳ ಜೀವಾಳ ಒಂದು ವಿಶೇಷ ಕೊಬ್ಬು. ರಕ್ತದಲ್ಲಿರುವಾಗ ಅದಕ್ಕೆ ವಿದ್ಯುದಾವೇಶವಿಲ್ಲ, ಆದ್ದರಿಂದ ಯಾರ ತಂಟೆಗೂ ಹೋಗುವುದಿಲ್ಲ; ಕೋಶ ನುಂಗಿದ ಮೇಲೆ ಒಳಗಿನ ಸಂಚಿ ಆಮ್ಲೀಯವಾಗುತ್ತಿದ್ದಂತೆ ಅದಕ್ಕೆ ಧನ ಆವೇಶ ಬಂದು, ಸಂಚಿಯ ಗೋಡೆಯನ್ನು ಕೆಡಿಸಿ, ಆರ್‌ಎನ್‌ಎಯನ್ನು ಹೊರಗೆ ದಾಟಿಸುತ್ತದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಇದೇ ಬಂಡಿ ಫೈಜರ್, ಮಾಡರ್ನಾ ಲಸಿಕೆಗಳ ಎಂಆರ್‌ಎನ್‌ಎಯನ್ನು (ಪ್ರೋಟೀನು ತಯಾರಿಸಲು ಕೋಶಕ್ಕೆ ಸಂದೇಶ ಒಯ್ಯುವ ಆರ್‌ಎನ್‌ಎ) ಹೊತ್ತು ಕೋಟ್ಯಂತರ ತೋಳುಗಳಿಗೆ ಇಳಿಯಿತು. ಆರ್‌ಎನ್‌ಎಗೆ ಸಂಬಂಧಿಸಿದ ಕೆಲಸಕ್ಕೆ ಕ್ಯಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಬಂತು. ಬಂಡಿ ಕಟ್ಟಿದವರಿಗೆ ಬರಲಿಲ್ಲ ಎಂಬ ಬೇಸರ ನನಗಿದೆ. ನಮ್ಮಲ್ಲಿ ಬಹುಪಾಲು ಜನ ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳು ಈ ಬಗೆಯವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಈ ಗೊಂದಲದ ಪ್ರಶ್ನೆ ಪ್ರತಿ ಊರಿನಲ್ಲಿಯೂ ಬರುತ್ತದೆ. ಫೈಜರ್ ಲಸಿಕೆಯನ್ನು ಮೊದಲು ಮೈನಸ್ 70 ಡಿಗ್ರಿಯ ಸುಮಾರಿನಲ್ಲಿ ಇಡಬೇಕಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಐಸ್‌ಲೈನ್ಡ್ ಫ್ರಿಜ್‌ಗೆ ಅದು ಆಗದ ಮಾತು. ಪುಣೆಯ ಜೆನ್ನೋವಾ ಸಂಸ್ಥೆ ತಯಾರಿಸಿ 2022ರ ಜೂನ್‌ನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಎಂಆರ್‌ಎನ್‌ಎ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಉಳಿಯುತ್ತದೆ. ನಮಗೆ ಬೇಕಾದ ಸಂಶೋಧನೆ ಈ ಜಾತಿಯದು.

ಇನ್ನು ಬೆಲೆ ಮತ್ತು ನಂಬಿಕೆಯ ವಿಷಯ. ಸಾಮಾನ್ಯ ಮಾತ್ರೆಯ ಜೆನೆರಿಕ್ ತಯಾರಿಸಿದಾಗ ಅಣು ಒಂದೇ, ರಕ್ತದಲ್ಲಿ ಅದರ ಮಟ್ಟ ಒಂದೇ ಎಂದು ತೋರಿಸಿದರೆ ಸಾಕು. ನ್ಯಾನೊ ಔಷಧಕ್ಕೆ ಅಷ್ಟು ಸಾಲದು; ಕಣದ ಗಾತ್ರ, ಹೊದಿಕೆ, ಒಳಗೆ ಔಷಧ ಯಾವ ಸ್ಥಿತಿಯಲ್ಲಿದೆ, ಎಷ್ಟು ಬೇಗ ಸೋರುತ್ತದೆ ಎಲ್ಲವೂ ಹೊಂದಬೇಕು. ಇದು ಕಷ್ಟ, ಆದರೆ ಆಗದ್ದಲ್ಲ: 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅಲ್ಲಿಗೆ ಹೋದದ್ದು ನಮ್ಮ ಸನ್ ಫಾರ್ಮಾ ತಯಾರಿಕೆ, ಮರುವರ್ಷ ಆ ಸಂಸ್ಥೆಯ ಜೆನೆರಿಕ್‌ಗೆ ಅಲ್ಲಿ ಅನುಮತಿಯೂ ಸಿಕ್ಕಿತು. ನಮ್ಮಲ್ಲಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಪ್ರತ್ಯೇಕ ಮಾರ್ಗಸೂಚಿ ಬಂದದ್ದು 2019ರಲ್ಲಿ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಆಯುರ್ವೇದದ ಸ್ವರ್ಣಭಸ್ಮದಲ್ಲೂ ಚಿನ್ನದ ಸೂಕ್ಷ್ಮ ಕಣಗಳಿವೆಯಲ್ಲ ಎಂದು ಚೀಟಿ ಕಳುಹಿಸಿದ್ದಾರೆ. ಸೂಕ್ಷ್ಮ ಕಣಗಳಿರುವುದು ಬೇರೆ, ಔಷಧವಾಗಿ ಕೆಲಸ ಮಾಡುವುದು ಬೇರೆ. ಎರಡನೆಯದಕ್ಕೆ ಡಾಕ್ಸಿಲ್‌ಗೂ ಭಸ್ಮಕ್ಕೂ ಒಂದೇ ಪರೀಕ್ಷೆ, ರೋಗಿಗಳ ಮೇಲಿನ ಹೋಲಿಕೆಯ ಅಧ್ಯಯನ.

ನ್ಯಾನೊ ರೋಬಾಟುಗಳ ಬಗ್ಗೆ ಏನೂ ಹೇಳದೆ ಇಳಿದರೆ ವಿದ್ಯಾರ್ಥಿಗಳಿಗೆ ಬೇಸರವಾದೀತು. ರಕ್ತದಲ್ಲಿ ಈಜಾಡುವ ಶಸ್ತ್ರವೈದ್ಯನ ಕನಸನ್ನು ರಿಚರ್ಡ್ ಫೈನ್‌ಮನ್ 1959ರಲ್ಲೇ ಕಂಡಿದ್ದರು, ಅದು ಇನ್ನೂ ಕನಸೇ. ನಿಜಕ್ಕೆ ಹತ್ತಿರವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ಬಳಗದ ಕೆಲಸ. ಅವರು ಸಿಲಿಕಾದಿಂದ ಮಾಡಿ ಕಬ್ಬಿಣ ಲೇಪಿಸಿದ, ಸ್ಕ್ರೂ ಆಕಾರದ ಕಣಗಳನ್ನು ಕಾಂತಕ್ಷೇತ್ರದಿಂದ ತಿರುಗಿಸಿ ಮುಂದೆ ನಡೆಸುತ್ತಾರೆ. ರೂಟ್ ಕೆನಾಲ್ ಆದ ಮೇಲೂ ಹಲ್ಲಿನ ಸೂಕ್ಷ್ಮ ನಾಳಗಳಲ್ಲಿ ಬ್ಯಾಕ್ಟೀರಿಯಾ ಉಳಿದು ಮತ್ತೆ ಕೀವಾಗುವುದುಂಟಲ್ಲ, ಆ ನಾಳಗಳೊಳಗೆ 2 ಮಿಲಿಮೀಟರ್ ಆಳದವರೆಗೆ ಇವನ್ನು ಇಳಿಸಿ, ಕಾಂತಕ್ಷೇತ್ರದಿಂದಲೇ ಬಿಸಿಯೇರಿಸಿ ಬ್ಯಾಕ್ಟೀರಿಯಾ ಕೊಂದದ್ದನ್ನು 2022ರಲ್ಲಿ ಕಿತ್ತ ಹಲ್ಲುಗಳಲ್ಲಿ ತೋರಿಸಿದರು. ರಕ್ತವಿಲ್ಲದ, ಯಕೃತ್ತಿನ ಕಾವಲಿಲ್ಲದ ಜಾಗವನ್ನು ಆರಿಸಿಕೊಂಡ ಜಾಣತನ ನನಗೆ ಬಹಳ ಮೆಚ್ಚುಗೆಯಾಯಿತು.

ಉಪನ್ಯಾಸ ಮುಗಿದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, "ಸರ್, ರಾತ್ರಿ ಒಂದೇ ಗೆರೆ ಇತ್ತು, ಬೆಳಿಗ್ಗೆ ಎದ್ದು ನೋಡಿದ್ರೆ ಎರಡನೇ ಗೆರೆ ಸಣ್ಣಗೆ ಕಾಣ್ತಿದೆ ಅಂತ ಕಿಟ್ ಎತ್ತಿಟ್ಟುಕೊಂಡು ಬರ್ತಾರೆ. ಏನು ಹೇಳೋದು?" ಎಂದು ಕೇಳಿದರು. ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ಕಿಟ್‌ನ ಮೇಲೆ 5 ನಿಮಿಷ ಎಂದಿದ್ದರೆ 5 ನಿಮಿಷಕ್ಕೇ ಓದಬೇಕು, ಏಕೆಂದರೆ ಪಟ್ಟಿ ಒಣಗುತ್ತಾ ಹೋದಂತೆ ಮುಂದೆ ಸಾಗಿದ್ದ ದ್ರವ ಹಿಂದಕ್ಕೆ ಹರಿದು, ಏನನ್ನೂ ಹೊರದ ಚಿನ್ನದ ಕಣಗಳೂ ಆ ಗೆರೆಯ ಜಾಗದಲ್ಲಿ ನೆಲೆಸಬಹುದು. ಒಣಗಿದ ಗೆರೆಯೇ ನೆರಳಿನಂತೆ ಕಾಣಲೂಬಹುದು. ಅಂಥವರಿಗೆ ಎರಡು ಮೂರು ದಿನ ಬಿಟ್ಟು, ಬೆಳಗಿನ ಮೊದಲ ಮೂತ್ರದಲ್ಲಿ ಹೊಸ ಕಿಟ್‌ನಿಂದ ಮತ್ತೆ ನೋಡಿ ಎನ್ನಿ ಎಂದೆ. ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.